ಕೋಡಿಯಮ್ಮನ ಮುಂದೆ ಹಾಕಿದ ಸವಾಲು

ನನ್ನ ಕೈಗೆ ಮೈಕ್ ಕೊಡಬಾರದು ಅನ್ನುವುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೂ ಕೊಟ್ಟರು. ಅಕ್ಕ ಲೋಕಸಭೆಯ ಉಪಚುನಾವಣೆಗೆ ಪಕ್ಷೇತರಳಾಗಿ ನಿಂತಿದ್ದಳು. ಅವಳ ಹತ್ತಿರ ಇದ್ದದ್ದು ಒಂದು ಬಾಡಿಗೆ ಆಟೋ, ಎರಡು ಸ್ಪೀಕರು, ಹೊಲಿಗೆ ಯಂತ್ರದ ಗುರುತು, ಆಮೇಲೆ ನಾನು. ಹಾಸನದ ಕೋರ್ಟಿನ ಎದುರು ಜೆರಾಕ್ಸ್ ಅಂಗಡಿ ಇಟ್ಟುಕೊಂಡು ಹನ್ನೆರಡು ವರ್ಷ ವಕೀಲರ ಗುಮಾಸ್ತರ ಮೇಲೆ ಕೂಗಾಡಿ ನನ್ನ ಗಂಟಲು ಚೆನ್ನಾಗಿ ಪಳಗಿತ್ತು. ಬಿಟ್ಟಿಯಾಗಿ ಅರಚುವವರು ಬೇರೆ ಯಾರು ಸಿಗುತ್ತಾರೆ ಹೇಳಿ.

ಅಕ್ಕ ಅಂದರೆ ಪ್ರತಿಭಾ. ಸೇನೆಯ ಆಸ್ಪತ್ರೆಗಳಲ್ಲಿ ಹದಿನಾಲ್ಕು ವರ್ಷ ನರ್ಸ್ ಆಗಿದ್ದು, ಮೇಜರ್ ಅನ್ನಿಸಿಕೊಂಡು ಊರಿಗೆ ವಾಪಸಾದವಳು. ಸಾಲಗಾಮೆ ಸುತ್ತಮುತ್ತ ಅವಳನ್ನು ಮೇಜರಮ್ಮ ಅಂತಲೇ ಕರೆಯುವುದು. ನನ್ನ ಹಾಗಲ್ಲ ಅವಳು. ಮೆಲ್ಲಗೆ ಮಾತಾಡುತ್ತಾಳೆ, ಕೇಳಿಸಬೇಕೆಂದರೆ ಜನ ಹತ್ತಿರ ಬರಬೇಕು. ವಿಚಿತ್ರ ಅಂದರೆ ಜನ ಬರುತ್ತಿದ್ದರು.

ಗಡಿಯಲ್ಲಿ ಯುದ್ಧ ಶುರುವಾಗಿ ಎರಡನೇ ವರ್ಷ ನಡೆಯುತ್ತಿತ್ತು. ನಿಂತಿತು ಅನ್ನುವಷ್ಟರಲ್ಲಿ ಮತ್ತೆ ಶುರು. ಮೊದಮೊದಲು ಯಾಕೆ ಯುದ್ಧ ಅಂತ ಕೇಳಿದರೆ ಏನೋ ಒಂದು ಕಾರಣ ಹೇಳುತ್ತಿದ್ದ ನಾಯಕರು ಈಗ ಸೀದಾ ದೇವರ ಹೆಸರು ಹೇಳುತ್ತಿದ್ದರು. ಇದು ಧರ್ಮಯುದ್ಧ, ಇದಕ್ಕೆ ಕೊನೆ ಯಾವಾಗ ಅಂತ ಕೇಳುವುದೇ ಪಾಪ ಅನ್ನುವವರೆಗೆ ಬಂದಿತ್ತು. ಅಕ್ಕ ನಿಂತದ್ದು ಅದೇ ಒಂದು ಪ್ರಶ್ನೆ ಹಿಡಿದು.

ಮೊಸಳೆ ಅನ್ನುವ ಊರಿನಲ್ಲಿ ಡೈರಿ ಮುಂದೆ ಹಾಲಿನ ಕ್ಯಾನ್ ಹಿಡಿದು ನಿಂತವರಿಗೆ ಅವಳು ಹೇಳಿದ್ದು ನನಗೆ ಬಾಯಿಪಾಠವಾಗಿದೆ. "ಮನೆಗೆ ಕಳ್ಳ ನುಗ್ಗಿದ್ರೆ ದೊಣ್ಣೆ ತಗೋಬೇಕು. ಅದಕ್ಕೆ ನಂದೇನೂ ತಕರಾರಿಲ್ಲ. ಆದ್ರೆ ಎರಡು ವರ್ಷ ಆಯ್ತು, ಯಾವಾಗಪ್ಪ ನಿಲ್ಸೋದು ಅಂತ ಕೇಳಿದ್ರೆ ದೇವ್ರನ್ನ ತಂದು ಮುಂದೆ ನಿಲ್ಲಿಸ್ತಾರಲ್ಲ, ಅದು ನನ್ನ ತಕರಾರು. ನಾನು ಹದಿನಾಲ್ಕು ವರ್ಷ ಗಾಯ ತೊಳ್ದಿದ್ದೀನಿ. ನೋವಾದಾಗ ಎಲ್ರೂ ಅವ್ವಾ ಅಂತಾನೇ ಕೂಗಿದ್ದು. ಒಬ್ನೂ ಧರ್ಮ ಅಂತ ಕೂಗ್ಲಿಲ್ಲ."

ಅವಳ ಎದುರು ನಿಂತಿದ್ದ ದೊಡ್ಡ ಪಕ್ಷದ ಹುರಿಯಾಳು ಹರ್ಷವರ್ಧನ್, ಹೊಳೆನರಸೀಪುರದ ಕಡೆಯ ದೊಡ್ಡ ಜಮೀನಿನ ಮನೆಯವರು. ನಲವತ್ತೈದರ ಆಸುಪಾಸು, ಬಿಳಿ ಅಂಗಿ, ಒಳ್ಳೆಯ ಕಂಠ. ಅವರ ಹೆಂಡತಿ ದೀಪಶ್ರೀ ಪ್ರತಿ ಸಭೆಯಲ್ಲೂ ಹರಿವಾಣ ಹಿಡಿದು ನಿಂತು, ಊರಿನ ಹುಡುಗರನ್ನು ಸಾಲಾಗಿ ಕರೆದು ಹಣೆಗೆ ಕುಂಕುಮ ಇಟ್ಟು, 'ಧರ್ಮಯುದ್ಧಕ್ಕೆ ಜಯವಾಗಲಿ' ಅಂತ ಅವರಿಂದ ಹೇಳಿಸುತ್ತಿದ್ದರು. ಹುಡುಗರು ಕುಂಕುಮ ಇಡಿಸಿಕೊಂಡು ಸೆಲ್ಫಿ ತೆಗೆದುಕೊಳ್ಳುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ಉರಿಯೇ ಎಲ್ಲ ಎಡವಟ್ಟಿಗೂ ಮೂಲ. ಒಂದು ಶನಿವಾರ ಹೊಳೆನರಸೀಪುರದ ಬಸ್ ಸ್ಟ್ಯಾಂಡ್ ಹತ್ತಿರ ಹರ್ಷವರ್ಧನ್ ಸಭೆ ನಡೆದಿತ್ತು. ನಮ್ಮ ಆಟೋ ಜನದ ನಡುವೆ ಸಿಕ್ಕಿಹಾಕಿಕೊಂಡಿತ್ತು. ಅಕ್ಕ ಅಲ್ಲೇ ಒಂದು ಔಷಧಿ ಅಂಗಡಿಯೊಳಗೆ ಯಾರ ಜೊತೆಗೋ ಮಾತಾಡುತ್ತಿದ್ದಳು. ವೇದಿಕೆಯಿಂದ ಹರ್ಷವರ್ಧನ್ ನಮ್ಮ ಆಟೋ ಕಡೆ ಕೈ ತೋರಿಸಿದರು.

"ಮೇಜರಮ್ಮನ ಅಪ್ಪ ಯಾರು ಗೊತ್ತಲ್ಲ? ಸಾಲಗಾಮೆ ತಾವ ಕೋಡಿಯಮ್ಮನ ಪೂಜಾರಿ. ಅವ್ರಪ್ಪನ ಕೈಯಲ್ಲೇ ಹೂ ಕೇಳಿಸ್ಲಿ ನೋಡಾಣ! ಈ ಯುದ್ಧ ನಿನ್ನ ಇಚ್ಛೆನಾ ಅಂತ ತಾಯೀನೇ ಕೇಳಾಣ. ಧೈರ್ಯ ಐತಾ?"

ಕೋಡಿಯಮ್ಮ ಅಂದರೆ ನಮ್ಮೂರ ಕೆರೆಯ ಕೋಡಿಯ ಮೇಲಿನ ದೇವರು. ನಮ್ಮಪ್ಪ ಗಂಗಾಧರಯ್ಯ ನಲವತ್ತು ವರ್ಷದಿಂದ ಅವಳ ಪೂಜೆ ಮಾಡುತ್ತಿದ್ದಾರೆ. ಅಲ್ಲಿ ಮಂಗಳವಾರ ಹೂವಿನ ಅಪ್ಪಣೆ ಕೇಳುವ ವಾಡಿಕೆ. ಅಮ್ಮನ ಎರಡೂ ಭುಜಕ್ಕೆ ನೀರಲ್ಲಿ ಅದ್ದಿದ ಬಿಳಿ ಕಣಗಿಲೆ ಹೂ ಅಂಟಿಸುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. ಹೋದ ವರ್ಷ ಗಂಗಯ್ಯ ಅನ್ನುವವರು ಬೋರ್‌ವೆಲ್ ಕೊರೆಸಲೋ ಬೇಡವೋ ಅಂತ ಕೇಳಲು ಬಂದು, ತನ್ನ ಹೆಸರು, ಹೆಂಡತಿಯ ಹೆಸರು, ಕೊನೆಗೆ ಹೊಲದ ಹೆಸರನ್ನೂ ಒಪ್ಪಿಸಿ, ಒದ್ದೆ ಪಂಚೆಯಲ್ಲಿ ಒಂದು ಗಂಟೆ ನಿಂತಿದ್ದರು. ನಮ್ಮ ಕಡೆ ಮದುವೆ, ಮನೆ, ಬೋರು ಎಲ್ಲವೂ ಹೀಗೆ ಹೂವಿನ ಮೇಲೆ ನಿಂತಿರುತ್ತದೆ.

ಧೈರ್ಯ ಇದೆಯಾ ಅಂದರೆ ನಾನು ಸುಮ್ಮನಿರುವವಳಾ? ಮೈಕ್ ಆನ್ ಮಾಡಿದೆ.

"ಬನ್ನಿ! ಈ ಮಂಗಳವಾರಾನೇ ಬನ್ನಿ! ಬಲಗಡೆ ಹೂ ಬಿದ್ರೆ ನಮ್ಮಕ್ಕ ಚುನಾವಣೆ ಬಿಟ್ಟು ಮನೇಲಿ ಕೂರ್ತಾಳೆ. ಎಡಗಡೆ ಬಿದ್ರೆ ನೀವು ಕೂತ್ಕಳಿ!"

ಬಸ್ ಸ್ಟ್ಯಾಂಡ್ ಹೋ ಅಂತು. ಶಿಳ್ಳೆ, ಚಪ್ಪಾಳೆ, ಹಾರ್ನು. ಮೂರು ಸೆಕೆಂಡು ನನಗೆ ಆಕಾಶ ಮೂರೇ ಗೇಣು. ಆಮೇಲೆ ಔಷಧಿ ಅಂಗಡಿಯ ಬಾಗಿಲಲ್ಲಿ ನಿಂತಿದ್ದ ಅಕ್ಕನ ಮುಖ ನೋಡಿದೆ.

ಆಟೋದಲ್ಲಿ ಅವಳು ಬೈಯಲೇ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. "ದೇವ್ರನ್ನ ಯುದ್ಧಕ್ಕೆ ಎಳೀಬೇಡಿ ಅಂತ ನಾನು ಒಂದು ತಿಂಗಳಿಂದ ಊರೂರು ತಿರುಗ್ತಾ ಇದ್ದೀನಿ. ನೀನು ದೇವ್ರನ್ನೇ ಚುನಾವಣೆಗೆ ಎಳ್ಕೊಂಡು ಬಂದ್ಬುಟ್ಟೆ ಕಣೇ ಶೋಭಿ," ಅಂದಳು ಅಷ್ಟೇ.

"ಬರಲ್ಲ ಅಂದ್ಬುಡು ಅಕ್ಕ. ಶೋಭಿತಾಗೆ ತಲೆ ಸರಿ ಇಲ್ಲ ಅನ್ನು. ಎಲ್ರೂ ನಂಬ್ತಾರೆ."

"ನನ್ನ ಮೈಕಲ್ಲಿ ಬಂದ ಮಾತು ನನ್ನದೇ. ಹೋಗಾಣ," ಅಂದಳು.

ಭಾನುವಾರದ ಹೊತ್ತಿಗೆ ವಿಡಿಯೋ ಎಲ್ಲರ ಫೋನಿನಲ್ಲೂ ಓಡಾಡುತ್ತಿತ್ತು. ದೇವಸ್ಥಾನದಲ್ಲಿ ಪ್ರಚಾರ ಮಾಡುವ ಹಾಗಿಲ್ಲ ಅಂತ ಅಧಿಕಾರಿಗಳು ಎರಡೂ ಕಡೆಗೆ ಎಚ್ಚರಿಕೆ ಕೊಟ್ಟರು. ದೇವರ ದರ್ಶನಕ್ಕೆ ಹೋಗಬಾರದು ಅಂತ ಯಾವ ಕಾನೂನಲ್ಲಿದೆ ಅಂತ ಹರ್ಷವರ್ಧನ್ ಕಡೆಯ ವಕೀಲರು ಕೇಳಿದರು. ಕೊನೆಗೆ ಬಾವುಟ ಬೇಡ, ಮೈಕ್ ಬೇಡ, ಘೋಷಣೆ ಬೇಡ ಅಂತ ಆಯಿತು. ಮೈಕ್ ಬೇಡ ಅಂದದ್ದೇ ನನಗೆ ಒಂದು ಸಮಾಧಾನ.

ಮಂಗಳವಾರ ಬೆಳಗ್ಗೆ ಆರು ಗಂಟೆಗೆ ನಾನು ಅಪ್ಪನ ಮುಂದೆ ಹೋಗಿ ನಿಂತೆ. ಅವರು ಹಿತ್ತಲಲ್ಲಿ ಕಣಗಿಲೆ ಬಿಡಿಸುತ್ತಿದ್ದರು. ಚುನಾವಣೆ ಶುರುವಾದಾಗಿನಿಂದ ಮಗಳ ಪರವಾಗಲಿ ವಿರೋಧವಾಗಲಿ ಒಂದು ಮಾತೂ ಆಡದ ಮನುಷ್ಯ. ನಾನು ಹತ್ತಿರ ಹೋಗಿ ಮೆಲ್ಲಗೆ ಅಂದೆ:

"ಅಪ್ಪಾ, ನೀರು ಕಮ್ಮಿ ಅದ್ದಿದ ಹೂ ಬೇಗ ಬೀಳತ್ತೆ ಅಲ್ವಾ? ಎಡಗಡೇದಕ್ಕೆ ಒಂಚೂರು ಕಮ್ಮಿ..."

ಅಪ್ಪ ಬುಟ್ಟಿ ಕೆಳಗಿಟ್ಟರು. ಅವರು ನನಗೆ ಹೊಡೆದವರಲ್ಲ, ಆದರೆ ಆಗ ಹೊಡೆಯುತ್ತಾರೆ ಅಂದುಕೊಂಡೆ. "ನಲವತ್ತು ವರ್ಸ ಈ ಕೈಯಲ್ಲಿ ಮುಡಿಸೀವ್ನಿ. ನಿನ್ನ ಮದ್ವೆಗೂ ಒಂದು ತೊಟ್ಟು ಎಚ್ಚುಕಮ್ಮಿ ಮಾಡ್ಲಿಲ್ಲ. ನಿಮ್ಮಕ್ಕ ಗೆಲ್ಲಾದು ಸೋಲಾದು ನಂಗೆ ಗೊತ್ತಿಲ್ಲ. ಓಗು, ಮೊಕ ತೊಳ್ಕಂಡು ಆಚೆ ಓಗು."

ಹೋದೆ. ಬಲಗಡೆ ಹೂ ಬಿದ್ದರೆ ಮುಗಿಯಿತು. ಅಕ್ಕ ಮಾತಿಗೆ ತಪ್ಪುವವಳಲ್ಲ, ಅವತ್ತೇ ಮನೆಗೆ ಹೋಗಿ ಕೂರುತ್ತಾಳೆ. ಇಡೀ ಜಿಲ್ಲೆಯಲ್ಲಿ ಆ ಒಂದು ಪ್ರಶ್ನೆ ಕೇಳುತ್ತಿದ್ದ ಒಬ್ಬಳೇ ಒಬ್ಬಳ ಬಾಯನ್ನು ನಾನೇ ಕೈಯಾರೆ ಮುಚ್ಚಿದ ಹಾಗಾಗುತ್ತದೆ. ದೇವಿಯೂ ಯುದ್ಧಕ್ಕೆ ಹೂಂ ಅಂದಳು ಅಂತ ನಾಳೆಯಿಂದ ಪೋಸ್ಟರ್ ಬೀಳುತ್ತದೆ.

ಹತ್ತು ಗಂಟೆಗೆ ಕೆರೆ ಏರಿಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ಕೊರವಂಗಲದಿಂದ, ಹಾಸನದಿಂದ, ಅರಕಲಗೂಡಿನಿಂದ ಜನ. ಕೋಡಿಯ ಕಟ್ಟೆ ಮೇಲೆ ಒಬ್ಬ ಕಳ್ಳೆಕಾಯಿ ಮಾರುತ್ತಿದ್ದ. ಹರ್ಷವರ್ಧನ್ ಒದ್ದೆ ಪಂಚೆ ಉಟ್ಟು ಗುಡಿಯ ಬಾಗಿಲಿಗೆ ಬಂದರು. ಬಿಸಿಲು ಬೀಳದ ಹಾಗೆ ಅವರ ಡ್ರೈವರ್ ಭೀಮ ಹಿಂದೆ ಛತ್ರಿ ಹಿಡಿದಿದ್ದ. ಪಕ್ಕದಲ್ಲಿ ದೀಪಶ್ರೀ, ಕೈಯಲ್ಲಿ ಅದೇ ಕುಂಕುಮದ ಹರಿವಾಣ. ನಾವಿಬ್ಬರೂ ಎದುರುಗಡೆ ನಿಂತಿದ್ದೆವು. ಸುತ್ತ ನೂರಾರು ಫೋನು ಮೇಲೆದ್ದವು. ಅಕ್ಕ ನನ್ನ ಕೈ ಹಿಡಿದುಕೊಂಡಳು.

ಅಪ್ಪ ಎರಡು ಹೂ ನೀರಲ್ಲಿ ಅದ್ದಿ ಕೈಯಲ್ಲಿ ಹಿಡಿದು ತಿರುಗಿದರು.

"ಎಸ್ರೇಳಿ ಗೌಡ್ರೆ."

"ಹರ್ಷವರ್ಧನ್."

"ನಿಮ್ಮೆಸ್ರು ಎಲ್ಲಾರ್ಗೂ ಗೊತ್ತು. ನಿಮ್ಮನೇಲಿ ಈ ಯುದ್ಧಕ್ಕೆ ಓಗೋರು ಯಾರು? ಅವ್ರ ಎಸ್ರು ಬೇಕು."

ಹರ್ಷವರ್ಧನ್ ನಕ್ಕರು. "ಅಯ್ನೋರೆ, ನಾನು ದೇಶದ ಪರವಾಗಿ ಕೇಳ್ತಾ ಇರೋದು."

"ದೇಶ ದೊಡ್ಡದು ಗೌಡ್ರೆ, ನಿಮ್ದೂ ಔದು ನಮ್ದೂ ಔದು. ಆದ್ರೆ ಇಲ್ಲಿ ಅವ್ರವ್ರ ಮನೇದು ಮಾತ್ರ ಕೇಳಾದು. ಬೋರು ಕೊರ್ಸೋನು ತನ್ನ ವಲದ ಬೋರು ಕೇಳ್ತಾನೆ. ಪಕ್ಕದೋನ ವಲ ಅಗೀಲಾ ಅಂತ ಯಾರೂ ಅಮ್ಮನ್ನ ಕೇಳಾಕಿಲ್ಲ. ಊ ಕೇಳಾದು ಅಂದ್ರೆ ಬಂದದ್ನ ನಾನು ಒತ್ಕತೀನಿ ಅಂತ. ಒತ್ಕಳೋರ ಎಸ್ರಿಲ್ದೆ ನಾನು ಮುಡಿಸಾಕಿಲ್ಲ."

ಗುಂಪಿನಲ್ಲಿ ಯಾರೋ ಕಿಸಕ್ಕಂದರು. ಇಷ್ಟು ವರ್ಷ ನೋಡಿದ್ದ ವಾಡಿಕೆ, ಗಂಗಯ್ಯನವರು ಹೊಲದ ಹೆಸರನ್ನೂ ಬಿಡದೆ ಒಪ್ಪಿಸಿದ್ದು ಕಣ್ಣಾರೆ ಕಂಡಿದ್ದೆ, ಆದರೂ ನನ್ನ ತಲೆಗೆ ಇದು ಹೊಳೆದಿರಲಿಲ್ಲ!

ಹರ್ಷವರ್ಧನ್ ಸುತ್ತ ಮೇಲೆದ್ದಿದ್ದ ಫೋನುಗಳನ್ನು ನೋಡಿದರು. ಹಿಂದೆ ಸರಿಯುವ ಹಾಗಿರಲಿಲ್ಲ. ಕೈ ಚಾಚಿ ಭೀಮನ ಹೆಗಲು ಹಿಡಿದು ಮುಂದಕ್ಕೆ ಎಳೆದರು.

"ಇವ್ನು ಭೀಮ. ನಮ್ಮನೆ ಮಗ ಇದ್ದಂಗೆ. ಇವನ ಹೆಸರಲ್ಲಿ ಕೇಳಿ. ಏನ್ಲಾ ಭೀಮ, ದೇಶಕ್ಕೋಸ್ಕರ ಓಗ್ತೀಯ ತಾನೇ?"

ಭೀಮ ಛತ್ರಿ ಸಮೇತ ಮುಂದೆ ಬಂದು ಬಿದ್ದ ಹಾಗಾಗಿ ಕಣ್ಣು ಕಣ್ಣು ಬಿಟ್ಟ. ಅಪ್ಪ ಅವನನ್ನೇ ಕೇಳಿದರು: "ಗೌಡ್ರ ಮನೇಲಿ ಎಲ್ಲಿ ಕುಂತ್ಕಂಡು ಉಣ್ತೀಯಪ್ಪಾ?"

"ಕೊಟ್ಗೆ ತಾವ ಸಾ," ಅಂದ ಭೀಮ. "ನನ್ ತಟ್ಟೆ ಅಲ್ಲೇ ಐತೆ."

ಯಾರೂ ನಗಲಿಲ್ಲ.

"ಅಂಗಾರೆ ನೀನು ಅವ್ರ ಮನೆಯೋನಲ್ಲ ಬುಡು. ನಿನ್ನೆಸ್ರು ಏಳಾಕೆ ನಿಮ್ಮವ್ವ ಅವ್ಳೆ," ಅಂದರು ಅಪ್ಪ.

ಭೀಮ ಛತ್ರಿ ಮಡಚಿ, ಗೋಡೆಗೆ ಒರಗಿಸಿ, ಜನದ ಸಾಲಿನಲ್ಲಿ ಹೋಗಿ ನಿಂತುಕೊಂಡ. ಹರ್ಷವರ್ಧನ್ ತಲೆ ಮೇಲೆ ಸೀದಾ ಬಿಸಿಲು ಬಿತ್ತು.

ಅವರ ಮುಖ ಕೆಂಪಾಯಿತು. ಅವರಿಗೆ ನನ್ನ ಹಾಗೇ ಮುಂಗೋಪ ಅಂತ ನನಗೆ ಅವತ್ತೇ ಗೊತ್ತಾದದ್ದು. "ಆಯ್ತು! ನನ್ನನ್ನ ಏನಂದ್ಕೊಂಡಿದ್ದೀರಿ? ನನಗೆ ಮಗ ಇಲ್ವಾ? ಹತ್ತೊಂಬತ್ತು ವರ್ಷ, ಹಾಸನದಲ್ಲಿ ಇಂಜಿನಿಯರಿಂಗ್ ಓದ್ತಾವ್ನೆ. ಅವನ ಹೆಸರೇ ಹೇಳ್ತೀನಿ, ಮುಡಿಸಿ! ನನ್ನ ಮಗ—"

"ಬ್ಯಾಡಿ!"

ದೀಪಶ್ರೀ. ಹರಿವಾಣ ಕಲ್ಲಿನ ಮೇಲೆ ಬಿದ್ದು ಠಣ್ ಅಂತು. ಅವರು ಎರಡೂ ಕೈಯಲ್ಲಿ ಗಂಡನ ಬಾಯಿ ಒತ್ತಿ ಹಿಡಿದಿದ್ದರು. "ಅವನೆಸ್ರು ಎತ್ತಬ್ಯಾಡಿ. ನನ್ನಾಣೆ. ಅಮ್ಮನ ಮುಂದೆ ಅವನೆಸ್ರು ಮಾತ್ರ ಎತ್ತಬ್ಯಾಡಿ." ಅಷ್ಟು ಹೇಳಿ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರು. ಕುಂಕುಮ ಸೀರೆಯ ಮೇಲೆಲ್ಲ ಚೆಲ್ಲಿತ್ತು.

"ಗೆದ್ವಿ!" ಅಂತ ಕಿರುಚಿದೆ ನಾನು. ಮೈಕ್ ಇಲ್ಲದೆಯೇ ಕೆರೆಯ ಆ ದಡಕ್ಕೆ ಕೇಳಿಸಿರಬೇಕು. ಹುಡುಗರು ಶಿಳ್ಳೆ ಹೊಡೆದರು. ನಾನು ಅಕ್ಕನನ್ನು ತಬ್ಬಿಕೊಳ್ಳಲು ತಿರುಗಿದರೆ ಅಕ್ಕ ಪಕ್ಕದಲ್ಲಿ ಇರಲೇ ಇಲ್ಲ. ದೀಪಶ್ರೀ ಹತ್ತಿರ ಕೂತು, ಅವರ ಬೆನ್ನಿಗೆ ಕೈ ಕೊಟ್ಟು ನೀರು ಕುಡಿಸುತ್ತಿದ್ದಳು. ಇನ್ನೊಂದು ಕೈಯಲ್ಲಿ ನಾಡಿ ಹಿಡಿದಿದ್ದಳು.

"ಶಿಳ್ಳೆ ನಿಲ್ಸಿ," ಅಂದಳು ಅಕ್ಕ. ಎಂದಿನ ಮೆಲುದನಿಯೇ. ಕೇಳಿಸಿಕೊಳ್ಳಲು ಜನ ಹತ್ತಿರ ಸರಿದರು. "ಒಂದು ತಿಂಗಳಿಂದ ನಾನು ಹೇಳಕ್ಕೆ ಒದ್ದಾಡಿದ್ದನ್ನ ಈ ತಾಯಿ ಒಂದೇ ಮಾತಲ್ಲಿ ಹೇಳಿದ್ರು. ಇದಕ್ಕೆ ನಗೋದು ಏನಿದೆ? ಗಡಿಗೆ ಹೋಗಿರೋ ಒಬ್ಬೊಬ್ರಿಗೂ ಮನೇಲಿ ಹೀಗೆ ಬ್ಯಾಡಿ ಅನ್ನೋರು ಇದ್ದಾರೆ. ಅವ್ರ ಮಾತು ಕೇಳೋರಿಲ್ಲ, ಅಷ್ಟೇ."

ದೀಪಶ್ರೀ ಅವಳ ಕೈ ಬಿಡಲಿಲ್ಲ. ಹರ್ಷವರ್ಧನ್ ಮಾತ್ರ ಹಾಗೇ ಸುಮ್ಮನಾಗುವ ಜನವಲ್ಲ. "ಅಯ್ನೋರೆ, ನನ್ನೊಬ್ಬನ್ನೇ ಯಾಕೆ ಕೇಳ್ತೀರಿ? ಸವಾಲು ಹಾಕಿದ್ದು ನಿಮ್ಮ ಮಗಳು. ಅವಳನ್ನೂ ಕೇಳಿ!" ಅಂದರು.

ಅಪ್ಪ ಒಪ್ಪಿದ ಹಾಗೆ ತಲೆಯಾಡಿಸಿ ನನ್ನ ಕಡೆ ತಿರುಗಿದರು. "ಔದು. ಬಾರವ್ವ ಶೋಭಿತಾ. ಬಲಗಡೆ ಬಿದ್ರೆ ಮನೇಲಿ ಕೂರ್ತಾಳೆ ಅಂದ್ಯಲ್ಲ, ಯಾರನ್ನ ಕೂರ್ಸಾಕೆ ಒಂಟಿದ್ದೆ?"

"ಅಕ್ಕನ್ನ."

"ಅವಳನ್ನ ಕೇಳಿದ್ಯಾ?"

"ಇಲ್ಲ," ಅಂದೆ.

"ಗೌಡ್ರು ಭೀಮನ್ನ ಮುಂದಕ್ಕೆ ತಳ್ಳಿದ್ರು. ನೀನು ನಿಮ್ಮಕ್ಕನ್ನ ತಳ್ಳಿದೆ. ಏನವ್ವ ವ್ಯತ್ಯಾಸ?"

ಜನದ ಸಾಲಿನಿಂದ ಭೀಮ ನನ್ನನ್ನೇ ನೋಡುತ್ತಿದ್ದ. ಕೋಪದಿಂದಲ್ಲ, ಸುಮ್ಮನೆ. ಅದೇ ತಡೆಯಲಾಗಲಿಲ್ಲ. ಅಷ್ಟು ಜನರ ಮುಂದೆ ಅತ್ತುಬಿಟ್ಟೆ.

"ಇವತ್ತು ಇಲ್ಲಿ ಊ ಕೇಳೋರು ಯಾರೂ ಬಂದಿಲ್ಲ," ಅಂದು ಅಪ್ಪ ಎರಡೂ ಹೂಗಳನ್ನು ಅಮ್ಮನ ಪಾದದ ಬಳಿ ಇಟ್ಟು, ಮಂಗಳಾರತಿ ಬೆಳಗಿ, ಬಾಗಿಲೆಳೆದುಕೊಂಡರು. ಬಲವೂ ಇಲ್ಲ ಎಡವೂ ಇಲ್ಲ. ಅಕ್ಕ ಇನ್ನೂ ಕಣದಲ್ಲಿದ್ದಳು!

"ಅತ್ತಿದ್ದು ಸಾಕು, ಆಟೋ ಹತ್ತು. ಅರಕಲಗೂಡಲ್ಲಿ ಜನ ಕಾಯ್ತಾವ್ರೆ," ಅಂತ ಅಕ್ಕ ನನ್ನ ತಲೆಗೊಂದು ಮೊಟಕಿದಳು. ಕೆರೆ ಏರಿ ಇಳಿಯುವಾಗ ಹಿಂದೆ ತಿರುಗಿ ನೋಡಿದೆ. ಬೈಕು, ಸ್ಕೂಟರು, ಒಂದು ಟ್ರ್ಯಾಕ್ಟರು, ನಮ್ಮ ಆಟೋ ಹಿಂದೆ ಇಷ್ಟುದ್ದ ಸಾಲು. ನಮ್ಮ ಹಿಂದೆ ಯಾರಾದರೂ ಬಂದದ್ದು ಅದೇ ಮೊದಲು. ನಗಬೇಕೋ ಅಳಬೇಕೋ ಗೊತ್ತಾಗದೆ ನಾನು ಎರಡನ್ನೂ ಮಾಡಿದೆ.

ಅರಕಲಗೂಡಿನಲ್ಲಿ ಮೈಕ್ ಹಿಡಿದು ಮೊದಲು ಹೇಳಿದ್ದು, ಸವಾಲು ಹಾಕಿದ್ದು ನಾನು, ತಪ್ಪು ನನ್ನದು ಅಂತ. ಆಮೇಲೆ ಅಪ್ಪ ಕೇಳಿದ್ದನ್ನೇ ಕೇಳಿದೆ: ಈ ಯುದ್ಧ ಇನ್ನೂ ನಡೀಬೇಕು ಅನ್ನೋರು ತಮ್ಮನೆಯೋರ ಹೆಸರು ಹೇಳಿ. ಒಬ್ಬ ಮುದುಕಿ ಮಾತ್ರ ಮುಂದೆ ಬಂದು ಅಕ್ಕನ ತಲೆ ಸವರಿ, "ನನ್ನ ಮೊಮ್ಮಗ ಅಲ್ಲೇ ಅವ್ನೆ ಕಣವ್ವ, ಬೇಗ ಕರ್ಸು," ಅಂದಳು.

ಕೊನೆಯ ದಿನ ಚನ್ನರಾಯಪಟ್ಟಣದಲ್ಲಿ ಹರ್ಷವರ್ಧನ್ ಮುಕ್ಕಾಲು ಗಂಟೆ ಮಾತಾಡಿದರು. ನಾಲೆ ನೀರು, ಕೊಬ್ಬರಿ ಬೆಲೆ, ಬಸ್ಸು, ರಸ್ತೆ ಎಲ್ಲ ಬಂತು. ಧರ್ಮಯುದ್ಧ ಅನ್ನುವ ಮಾತು ಒಂದು ಸಲವೂ ಬರಲಿಲ್ಲ. ವೇದಿಕೆಯ ಮೇಲೆ ದೀಪಶ್ರೀ ಇರಲಿಲ್ಲ. ನಾನು ಆಟೋದಲ್ಲಿ ಕೂತು ಪೂರ್ತಿ ಕೇಳಿಸಿಕೊಂಡೆ, ನಡುವೆ ಬಾಯಿ ಹಾಕಲಿಲ್ಲ.

ಎಣಿಕೆಯ ದಿನ ಗೆದ್ದವರು ಅವರೇ. ಅಕ್ಕ ಮೂರನೆಯವಳು. ಆದರೆ ನಮ್ಮ ಹೊಲಿಗೆ ಯಂತ್ರಕ್ಕೆ ನಲವತ್ತೊಂದು ಸಾವಿರ ವೋಟು! ಹಾಸನದ ಎಣಿಕೆ ಕೇಂದ್ರದ ಹೊರಗೆ ಬೇವಿನ ಮರದ ಕೆಳಗೆ ನಮ್ಮವರೆಲ್ಲ ಸೇರಿದ್ದರು. ಕೆಲವೇ ತಿಂಗಳಲ್ಲಿ ಜಿಲ್ಲಾ ಪಂಚಾಯ್ತಿ ಚುನಾವಣೆ ಬರುತ್ತದೆ, ಈ ಮಾತು ಇಲ್ಲಿಗೆ ನಿಲ್ಲಬಾರದು, ಸಾಲಗಾಮೆಗೆ ಯಾರು ನಿಲ್ಲುವುದು ಅಂತ ಚರ್ಚೆ ಶುರುವಾಯಿತು. ಗಂಗಯ್ಯನವರು ಪಕ್ಕದವರ ಹೆಸರು ಹೇಳಿದರು. ಪಕ್ಕದವರು ಅವರ ಪಕ್ಕದವರ ಹೆಸರು ಹೇಳಿದರು. ಅದು ಸುತ್ತಿ ಸುತ್ತಿ ನನ್ನ ಹತ್ತಿರ ಬಂತು. ಅಭ್ಯಾಸಬಲ, ಅಕ್ಕನ ಕಡೆ ಬೆರಳು ಎತ್ತಿದ್ದೆ. ಎತ್ತಿದ ಬೆರಳನ್ನು ಇಳಿಸಿದೆ.

"ಶೋಭಿತಾ ಅಂತ ಬರ್ಕಳಿ," ಅಂದೆ.

ಎಲ್ಲರೂ ತಿರುಗಿದರು. ಅಕ್ಕನ ಕಣ್ಣಲ್ಲಿ ನೀರೂ ಇತ್ತು, ಕೀಟಲೆಯೂ ಇತ್ತು. "ಕೋಡಿಯಮ್ಮನ್ನ ಒಂದ್ಮಾತು ಕೇಳಲ್ವೇನೇ?" ಅಂದಳು.

"ಅಮ್ಮನ್ಯಾಕೆ ಕೇಳ್ಲಿ," ಅಂದೆ. "ಹೆಸರು ನಂದು."